ಹೊನ್ನಾಜಮ್ಮಣ್ಣಿಯ ಪಿಕಪ್ಪಿಗೆ ದೀಪ ಕೂರಿಸಿದವನು

"ಕೇಳ್ರಪ್ಪೋ ಕೇಳಿ! ಮಂಜುಗುಡ್ಡದ ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಪಿಕಪ್ ಗಾಡಿಗೆ ಹೊಸ ಎಲ್‌ಇಡಿ ಲೈಟ್ ಬಾರ್ ಕೂರಿಸಬೇಕಾಗಿದೆ. ಕೂರಿಸಲು ಬರುವವರು ಮೊದಲು ಅವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರದವನು ಕೊನೆಯ ಮಾತನ್ನು ಮೆಲ್ಲಗೇ ಹೇಳಿದ. ಆದರೂ ಎಲ್ಲರಿಗೂ ಕೇಳಿಸಿತು. ಒಂದು ಲೈಟಿಗೆ ಒಂದು ತಲೆಯೇ ಎಂದು ಊರು ಗೊಣಗಿತು. ರಾಜಕುಮಾರಿಯ ಉತ್ತರ ಸಿದ್ಧವಿತ್ತು: "ನನ್ನ ಜೀವ ಅವರು ಎಳೆದ ವೈರಿನ ಮೇಲಿರುತ್ತೆ. ಅವರ ಜೀವವೂ ಸ್ವಲ್ಪ ಹೊತ್ತು ನನ್ನ ಕೈಲಿರಲಿ."

ಗುಡ್ಡದ ಮೇಲಿನ ಹಟ್ಟಿಗಳ ಬಸುರಿಯರನ್ನು ಕೆಳಗಿನ ಆಸ್ಪತ್ರೆಗೆ ತರುತ್ತಿದ್ದುದು ಅವಳೇ, ಅದೇ ಪಿಕಪ್ಪಿನಲ್ಲಿ. ಆರು ತಿಂಗಳ ಹಿಂದೆ ಘಾಟಿಯ ಏಳನೇ ತಿರುವಿನಲ್ಲಿ ಅವಳ ತಮ್ಮ ಮುದ್ದುರಾಜ ಬೈಕಿನ ಸಮೇತ ಕಂದಕಕ್ಕೆ ಬಿದ್ದು ಕಾಲು ಮುರಿದುಕೊಂಡ. ಮಾರನೇ ದಿನವೇ ಅವಳು ಗಾಡಿಯ ಮೇಲೆ ಅಡ್ಡಪಟ್ಟಿಯಂತಿದ್ದ ಸಾಲುದೀಪವನ್ನು, ಆ ಹಳೇ ಲೈಟ್ ಬಾರನ್ನು, ಕಿತ್ತೆಸೆದು, ಗಾಡಿಯನ್ನು ಲಾಯಕ್ಕೆ ನೂಕಿಸಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಮಂಜಿನ ತಿಂಗಳು ಹತ್ತಿರವಾದಾಗ ಹಟ್ಟಿಯ ಹೆಂಗಸರು ಅರಮನೆಗೇ ಬಂದು ಅತ್ತರು. ಆಮೇಲಷ್ಟೇ ಗಾಡಿ ಹೊರತೆಗೆಯಲು ಒಪ್ಪಿದಳು.

ಗೊತ್ತುಮಾಡಿದ ದಿನ ಆಸ್ಥಾನಕ್ಕೆ ಬಂದವರು ನಾಲ್ವರು. ಮೂವರು ಬಹುಮಾನಕ್ಕೆ ಬಂದಿದ್ದರು. ನಾಲ್ಕನೆಯವನು ತಿಪ್ಪೇಶಿ, ಬ್ಯಾಟರಿ ರಿಪೇರಿಯ ಗೂಡಂಗಡಿಯವನು. ಅವನ ಅಕ್ಕ ಸಾಕಮ್ಮನಿಗೆ ಗುಡ್ಡದ ಮೇಲೆ ದಿನ ತುಂಬಿತ್ತು. ಗಾಡಿ ಹೊರಡದಿದ್ದರೆ ಅವಳ ಗತಿಯೇನು ಎನ್ನುವುದಷ್ಟೇ ಅವನ ತಲೆಯಲ್ಲಿತ್ತು.

ರಾಜಕುಮಾರಿ ಎದ್ದು ನಿಂತು ಮೂರನ್ನೂ ಒಟ್ಟಿಗೆ ಹೇಳಿದಳು.

"ಮನೆಗೆ ಬೆಂಕಿ ಬೀಳೋ ಮೊದಲು ತಾನೇ ಸುಟ್ಟುಹೋಗೋ ಕಾವಲುಗಾರ. ಅವನು ಸತ್ತರೆ ಅಳೋರಿಲ್ಲ, ಇನ್ನೊಬ್ಬನನ್ನು ತಂದು ನಿಲ್ಲಿಸ್ತಾರೆ. ಯಾರವನು? ಕಪ್ಪು ಸೀರೆಯವಳು, ಬಣ್ಣ ಕಂಡರೆ ಆಗದು, ಬಣ್ಣ ಕೆರೆದ ಕಡೆ ಮಾತ್ರ ಕಾಲೂರ್ತಾಳೆ. ಅವಳು ಮುನಿದರೆ ಮನೇಲಿ ದೀಪ ಇಲ್ಲ. ಯಾರವಳು? ಕೊನೇದು, ಹೆಚ್ಚಾದಷ್ಟೂ ಕಾಣೋದು ಕಡಿಮೆ ಆಗುತ್ತೆ. ಏನದು? ನಿಮಗೆ ಸುಲಭ ಅನ್ನಿಸಿದ್ದರಿಂದಲೇ ಶುರು ಮಾಡಿ."

ಕಾರು ಅಲಂಕಾರದ ದೊಡ್ಡ ಅಂಗಡಿಯ ಕಾಂಚನಪ್ಪ ಮೀಸೆ ತಿರುವಿದ. "ಮೊದಲನೇದು ಸೈನಿಕ!"

"ಸೈನಿಕ ಸತ್ತರೆ ಅವನ ತಾಯಿ ಅಳ್ತಾಳೆ. ಕರ್ಕೊಂಡು ಹೋಗಿ."

ಅರಮನೆಯ ಪಂಡಿತರು ಗಂಟಲು ಸರಿಮಾಡಿಕೊಂಡರು. "ಎರಡನೆಯದು ಸನ್ಯಾಸಿನಿ."

"ಸನ್ಯಾಸಿನಿ ಮುನಿದರೂ ನಮ್ಮನೆ ದೀಪ ಉರಿಯುತ್ತೆ ಪಂಡಿತರೇ."

ಮಂತ್ರಿಯ ಮಗ ನಗುತ್ತಲೇ ಮುಂದೆ ಬಂದ. "ಮೂರನೇದು ಮಕ್ಕಳಿಗೂ ಗೊತ್ತು. ಕತ್ತಲೆ!" ಇಡೀ ಆಸ್ಥಾನ ತಲೆದೂಗಿತು, ಮಹಾರಾಜರೂ ಸೇರಿ.

"ಅಲ್ಲ," ಎಂದಳು ಹೊನ್ನಾಜಮ್ಮಣ್ಣಿ. ಮಂತ್ರಿ ಕುಸಿದು ಕೂತ.

ಈಗ ತಿಪ್ಪೇಶಿಯ ಸರದಿ. ಅವನೂ ಕತ್ತಲೆ ಎಂದೇ ಹೇಳಬೇಕೆಂದಿದ್ದ.

"ಬುದ್ಧಿ, ಮೊದಲನೇದು ಫ್ಯೂಸು. ವೈರು ಉರಿಯೋ ಮುಂಚೆ ಅದು ಸುಟ್ಟೋಗ್ತದೆ. ಎರಡನೇದು ಕಪ್ಪು ಅರ್ಥ್ ವೈರು. ಬಾಡಿ ಬಣ್ಣ ಕೆರೆದು ಬರೀ ಕಬ್ಬಿಣಕ್ಕೆ ಬಿಗೀಬೇಕು, ಇಲ್ಲಾಂದ್ರೆ ಲೈಟು ಹತ್ತಕಿಲ್ಲ." ಅಷ್ಟು ಹೇಳಿ ನಿಂತುಬಿಟ್ಟ.

ಅಕ್ಕನನ್ನು ನೋಡಲು ಅವನು ಸೈಕಲ್ಲಿನಲ್ಲಿ ಘಾಟಿ ಹತ್ತುತ್ತಿದ್ದ. ಹಿಂದೆ ಒಂದು ಸಂಜೆ, ತಿರುವಿನಲ್ಲಿ ಕಣ್ಣು ಕುಕ್ಕಿ ದಾರಿಯೇ ಮಾಯವಾಗಿ, ಸೈಕಲ್ ಬಿಟ್ಟು ಬಂಡೆ ತಬ್ಬಿಕೊಂಡು ನಿಂತದ್ದು ನೆನಪಾಯಿತು.

"ಒಂದ್ ಟಾರ್ಚ್ ಕೊಡ್ತೀರಾ?" ಎಂದ. ಕೊಟ್ಟರು. ಕಾವಲುಗಾರನ ಮುಖಕ್ಕೇ ಬಿಟ್ಟು, ಇನ್ನೊಂದು ಕೈ ಎತ್ತಿದ. "ಎಷ್ಟು ಬೆರಳಣ್ಣ?"

"ಏನೂ ಕಾಣ್ತಿಲ್ಲ ಕಣೋ, ಆರಿಸು ಮಾರಾಯ!"

"ಮೂರನೇದು ಬೆಳಕು ಬುದ್ಧಿ. ಎದುರಿಗೆ ಬರೋನ ಕಣ್ಣಿಗೆ. ಘಾಟೀಲಿ ನಂಗೂ ಒಂದ್ಸಲ ಹಂಗೇ ಆಗಿತ್ತು."

ರಾಜಕುಮಾರಿ ಒಂದು ಹೆಜ್ಜೆ ಮುಂದೆ ಬಂದಳು. "ನಿನ್ನ ಕಣ್ಣಿಗೆ ಯಾರ ಗಾಡಿ ಬೆಳಕು ಬಿದ್ದಿತ್ತು?"

ತಲೆ ಇನ್ನೂ ಪಣದಲ್ಲಿತ್ತು. ಸುಳ್ಳು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ನೆಲ ನೋಡಿದ.

"ನಿಮ್ಮದೇ, ತಾಯಿ."

ಹೊನ್ನಾಜಮ್ಮಣ್ಣಿ ಪಕ್ಕದಲ್ಲೇ ಕೂತಿದ್ದ ತಮ್ಮನ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತಳು. "ಮುದ್ದು, ಅವತ್ತು ಎದುರಿಗೆ ಬಂದೋಳು ನಾನೇ. ನಂಗೆ ದಾರಿ ಚೆನ್ನಾಗಿ ಕಾಣ್ತಿತ್ತು, ನಿಂಗೆ ಕಾಣ್ತಿದೆಯಾ ಅಂತ ಯೋಚನೇನೇ ಮಾಡಲಿಲ್ಲ."

ಮುದ್ದುರಾಜ ಊರುಗೋಲು ಹಿಡಿದು ಎದ್ದ. "ಗೊತ್ತಿತ್ತು ಅಕ್ಕ. ಈ ಘಾಟೀಲಿ ಅಂಥ ಲೈಟು ಇನ್ಯಾರಿಗಿತ್ತು? ನೀನೇ ಹೇಳ್ಲಿ ಅಂತ ಕಾಯ್ತಿದ್ದೆ."

ಮಹಾರಾಜರು ಕಣ್ಣೊರೆಸಿಕೊಂಡು, "ಏನು ಬೇಕು ಕೇಳಪ್ಪ," ಎಂದರು.

"ಇವತ್ತೇ ಗಾಡಿ ಗುಡ್ಡ ಹತ್ತಬೇಕು ಬುದ್ಧಿ. ಆಮೇಲೆ ಆ ಮೂವರನ್ನ ಬಿಟ್ಟುಬಿಡಿ. ತಲೆ ತೆಗೆದ್ರೆ ನನಗೆ ನಟ್ಟು ಹಿಡಿಯೋರು ಯಾರು?"

ಹಾಗೆ ಕಾಂಚನಪ್ಪ ನಟ್ಟು ಹಿಡಿದ, ಪಂಡಿತರು ಬಣ್ಣ ಕೆರೆದರು, ಮಂತ್ರಿಯ ಮಗ ಗಾಡಿಯ ಅಡಿ ಮಲಗಿ ವೈರು ಎಳೆದ. ಜೀವ ಉಳಿದ ಖುಷಿಯಲ್ಲಿ ಮೂವರೂ ಚೆನ್ನಾಗಿಯೇ ದುಡಿದರು. ತಿಪ್ಪೇಶಿ ಹೊಸ ಬಾರನ್ನು ಮೇಲ್ಛಾವಣಿಗೆ ಹತ್ತಿಸದೆ ಬಂಪರಿಗೆ ಬಿಗಿದ, ಮುಖವನ್ನು ನೆಲದ ಕಡೆ ಬಗ್ಗಿಸಿದ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟ. ಕೊನೆಗೆ ರಿಲೇ ಎಂಬ ಪುಟ್ಟ ಡಬ್ಬಿಯ ಮೂಲಕ ಬಾರನ್ನು ದೂರಕ್ಕೆ ಬೀಳುವ ಹೈ ಬೀಮಿಗೆ ಸೇರಿಸಿದ. ಚಾಲಕಿ ಡಿಮ್ ಮಾಡಿದರೆ ಸಾಕು, ಬಾರ್ ತಾನೇ ಆರುತ್ತದೆ. ಅರಮನೆಯ ಗಾಡಿಗಳನ್ನೆಲ್ಲ ಮಹಾರಾಜರು ಆಗಲೇ ಅವನ ಕೈಗೆ ಒಪ್ಪಿಸಿದರು.

ಸಂಜೆ ಗುಡ್ಡದಿಂದ ಇಳಿಯುವಾಗ ಸಾಕಮ್ಮ ಮುಂದಿನ ಸೀಟಿನಲ್ಲಿ ನರಳುತ್ತಿದ್ದಳು. ತಿಪ್ಪೇಶಿ ಹಿಂದೆ ಕಂಬಿ ಹಿಡಿದು ನಿಂತಿದ್ದ. ಏಳನೇ ತಿರುವಿನಲ್ಲಿ ಕೆಳಗಿನಿಂದ ಒಂದು ಬೈಕು ಬಂತು, ಅದರ ಪಕ್ಕಕ್ಕೆ ಊರುಗೋಲು ಕಟ್ಟಿತ್ತು. ಹೊನ್ನಾಜಮ್ಮಣ್ಣಿ ಡಿಮ್ ಮಾಡಿದಳು. ಬಾರ್ ಆರಿತು. ಮುದ್ದುರಾಜ ಆರಾಮಾಗಿ ತಿರುವು ದಾಟಿ, ಒಂದು ಕೈ ಎತ್ತಿ ತೋರಿಸಿ ಮೇಲೆ ಹೋದ.

ಅವಳು ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಅವನನ್ನೇ ನೋಡುತ್ತಿದ್ದಳು.

"ಅಮ್ಮಣ್ಣಿ, ಲೈಟ್ ಹಾಕ್ರವ್ವಾ," ಎಂದಳು ಸಾಕಮ್ಮ, "ಈ ಮಗ ಕಾಯಕಿಲ್ಲ."

ರಾಜಕುಮಾರಿ ಕಣ್ಣೊರೆಸಿಕೊಂಡು ಲೈಟು ಹಾಕಿದಳು.