ಬದನೆ ಮಡಿಯ ಕಾವಲು

ಹೊಳೆಯ ದಂಡೆಯಲ್ಲೊಂದು ಮಠ. ಅಲ್ಲಿ ಅಡವಿಸ್ವಾಮಿ ಎಂಬ ಗುರು. ಅವರಿಗೆ ಇಬ್ಬರು ಶಿಷ್ಯರು: ಹಳಬ ಕೊಟ್ರಯ್ಯ, ಹೊಸಬ ಮುರಿಗೆಪ್ಪ.

ಮಳೆ ಶುರುವಾದಾಗ ಗುರುಗಳು ಇಬ್ಬರಿಗೂ ಒಂದೊಂದು ಮಡಿ ಕೊಟ್ಟು ಬದನೆ ಬೀಜ ಹಾಕಿಸಿದರು. "ಸಸಿ ಕಾಯ್ರಿ" ಎಂದರು. ಅಷ್ಟೇ ಪಾಠ.

ಕಾಯಬೇಕಾದ್ದು ಬಸವನಹುಳುಗಳಿಂದ. ಚಿಪ್ಪಿಲ್ಲದ ಜಾತಿ, ಮೈಯೆಲ್ಲ ಲೋಳೆ. ಕತ್ತಲಲ್ಲಿ ಬಂದು ಎಳೆ ಸಸಿಯನ್ನು ಬುಡದವರೆಗೆ ಮೇಯ್ದು ಹೋಗುತ್ತವೆ.

ಮಠದಲ್ಲಿ ಹುಳು ಕೊಲ್ಲುವಂತಿಲ್ಲ. ಸಂಜೆ ಮಡಿಯ ಪಕ್ಕ ಒದ್ದೆ ಗೋಣಿಚೀಲ ಹಾಸಬೇಕು. ಬೆಳಗಾಗುವಷ್ಟರಲ್ಲಿ ಹುಳುಗಳು ಅದರಡಿ ಸೇರಿರುತ್ತವೆ. ಆರಿಸಿ ಗಡಿಗೆಗೆ ಹಾಕಿಕೊಂಡು, ಹೊಳೆ ದಾಟಿ, ಆಚೆ ದಂಡೆಯ ಹುಲ್ಲಿನಲ್ಲಿ ಬಿಟ್ಟು ಬರಬೇಕು.

ಕೊಟ್ರಯ್ಯ ಇದರಲ್ಲಿ ಪಳಗಿದವನು. ಅವನ ಮಡಿಯ ಸುತ್ತ ಹುಳು ದಾಟದಂತೆ ಬೂದಿಯ ಗೆರೆ, ಒಂದೇ ಒಂದು ಎಲೆಗೂ ತೂತಿಲ್ಲ. ಮುರಿಗೆಪ್ಪನೋ, ಗೋಣಿಗೆ ನೀರು ಚಿಮುಕಿಸುವುದನ್ನೇ ಮರೆಯುವ ಆಸಾಮಿ.

ಆದರೂ ಗುರುಗಳು ಬೆಳಿಗ್ಗೆ ಎದ್ದವರೇ ಹೋಗಿ ಕೂರುತ್ತಿದ್ದದ್ದು ಮುರಿಗೆಪ್ಪನ ಮಡಿಯ ಹತ್ತಿರ.

ಕೊಟ್ರಯ್ಯ ಕೆಮ್ಮಿ ನೋಡಿದ. ಕೊಡ ಸದ್ದು ಮಾಡಿ ನೋಡಿದ. ಗುರುಗಳು ತಿರುಗಲಿಲ್ಲ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. "ಅಪ್ಪಾರ, ನನ್ನ ಮಡಿ ಕಡೆ ಒಮ್ಮೆನೂ ಬರಲಿಲ್ಲಲ್ರಿ?"

"ಅಲ್ಲಿ ನಂದೇನು ಕೆಲಸ ಐತಿ?"

"ಸಸಿ ಭಾಳ ಚೆಂದ ಬಂದಾವ್ರಿ."

"ಹಂಗಾದ್ರ ಚಲೋ ಆತು" ಎಂದು ಗುರುಗಳು ಮತ್ತೆ ಮುರಿಗೆಪ್ಪನ ಕಡೆಗೇ ಹೋದರು.

ಕೊಟ್ರಯ್ಯನ ಹೊಟ್ಟೆಗೆ ಬೆಂಕಿ ಬಿತ್ತು. ಇಷ್ಟು ವರ್ಷ ಇವರ ಕಾಲೊತ್ತಿದವನು ನಾನು, ಬೆಳಗಿನ ಮೊದಲ ಮಾತು ಮೊನ್ನೆ ಬಂದ ಈ ಮರೆಗುಳಿಗೆ! ಅವನಿಗೆ ಬೇಕಿದ್ದದ್ದು ಇಷ್ಟೇ. ಗುರುಗಳು ತನ್ನ ಮಡಿಯ ಬಳಿಯೂ ಒಂದು ಗಳಿಗೆ ನಿಲ್ಲಬೇಕು.

ಮರುದಿನ ನಸುಕಿನಲ್ಲಿ ಹುಳುವಿನ ಗಡಿಗೆ ಹೊತ್ತು ಹೊಳೆಗೆ ಹೊರಟವನು ಮುರಿಗೆಪ್ಪನ ಮಡಿಯ ಹತ್ತಿರ ನಿಂತ. ಸುತ್ತ ನೋಡಿದ. ಮಡಿಯ ಅಂಚಿಗೆ ಜೋಡಿಸಿದ್ದ ಕಲ್ಲುಗಳ ಸಂದಿಗೆ ಗಡಿಗೆ ಬೋರಲು ಮಾಡಿದ.

ಕೊಂದಿಲ್ಲವಲ್ಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದರ ಮರುದಿನವೂ ಅಲ್ಲೇ ಸುರಿದ. ಹೊಳೆ ದಾಟುವ ಶ್ರಮವೂ ಉಳಿಯಿತು.

ಮುರಿಗೆಪ್ಪನ ಮಡಿ ಬೋಳಾಯಿತು.

"ನನ್ನ ಮರವಿನಿಂದನ ಹಿಂಗಾತು" ಎಂದು ಅವನು ಅತ್ತ. "ನನ್ನ ಕೈಯಾಗ ಏನೂ ಉಳಿಯಂಗಿಲ್ರಿ ಅಪ್ಪಾರ. ನಾ ಊರಿಗೆ ಹೊಕ್ಕೀನಿ."

"ಇರು" ಎಂದರು ಗುರುಗಳು.

ಕೊಟ್ರಯ್ಯ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಆಮೇಲೆ ತನ್ನ ಮಡಿಯ ಕಡೆಗೆ ನಡೆದ.

ಗುರುಗಳು ಈಗ ಬೆಳಿಗ್ಗೆಯಷ್ಟೇ ಅಲ್ಲ, ಮಧ್ಯಾಹ್ನವೂ ಮುರಿಗೆಪ್ಪನ ಪಕ್ಕದಲ್ಲೇ. ಅವನ ಹೆಗಲ ಮೇಲೆ ಕೈಯಿಡುವರು, ತಮ್ಮ ರೊಟ್ಟಿ ಮುರಿದು ಅವನಿಗೆ ಕೊಡುವರು.

ಒಂದು ಸಸಿಯೂ ಇಲ್ಲದ ಆ ಬರಿಮಣ್ಣಿನ ಮೇಲೂ ಕೊಟ್ರಯ್ಯನಿಗೆ ಹೊಟ್ಟೆಕಿಚ್ಚಾಯಿತು. ನನ್ನ ಮಡಿಯೇ ಬೋಳಾಗಬಾರದಿತ್ತೇ ಎಂದುಕೊಂಡ. ಎಂಥ ಬುದ್ಧಿ ನೋಡಿ.

ಕೊನೆಗೊಂದು ಸಂಜೆ ಗುರುಗಳು ಅವನ ಮಡಿಗೂ ಬಂದರು. ಬಗ್ಗಿ ಎಲೆ ಮುಟ್ಟಿದರು. "ಭಾಳ ಚಲೋ ಬೆಳೆಸಿಯಪ್ಪಾ."

ಕೊಟ್ರಯ್ಯನ ಕಣ್ಣು ತುಂಬಿ ಬಂತು.

"ಇದರಾಗ ಅರ್ಧ ಕಿತ್ತು ಮುರಿಗೆಪ್ಪನ ಮಡ್ಯಾಗ ಹಚ್ಚು. ನಿನ್ನ ಕೈಯಾರೆ."

ಗುರುಗಳ ಮಾತು, ಮೀರುವಂತಿಲ್ಲ. ಹಲ್ಲು ಕಚ್ಚಿಕೊಂಡು ಸಸಿ ಕಿತ್ತ. ಕೋಪವಿದ್ದರೂ ಒಂದು ಬೇರೂ ಹರಿಯದಂತೆ ಕಿತ್ತ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ನಡೆದ.

ಮುರಿಗೆಪ್ಪ ತನ್ನ ಮಡಿಯ ಹತ್ತಿರವೇ ನಿಂತಿದ್ದ. ಗುರುಗಳು ಅದರ ಕಲ್ಲಿನ ಅಂಚು ತೋರಿಸಿದರು. "ಇಲ್ಲಿಂದ ಶುರು ಮಾಡು."

"ಅಲ್ಲಿ ಬ್ಯಾಡ್ರಿ ಅಪ್ಪಾರ!"

"ಯಾಕ?"

"ಆ ಕಲ್ಲಿನ ಸಂದ್ಯಾಗ ಹುಳ ತುಂಬ್ಯಾವ್ರಿ. ಬೆಳಗಾಗೋದ್ರಾಗ ಒಂದು ಸಸಿನೂ ಉಳಿಯಂಗಿಲ್ಲ."

ಮುರಿಗೆಪ್ಪ ಬೆರಗಾಗಿ ನೋಡಿದ. "ನಾ ದಿನಾ ಗೋಣಿ ಎತ್ತಿ ನೋಡೀನಿ, ಒಂದೂ ಸಿಗಲಿಲ್ಲ. ನಿನಗ ಹೆಂಗ ಗೊತ್ತಾತು, ಕೊಟ್ರಣ್ಣ?"

ಕೊಟ್ರಯ್ಯ ಗುರುಗಳ ಕಡೆ ನೋಡಿದ. ಗುರುಗಳು ಏನಾದರೂ ಕೇಳಿದ್ದರೆ ಸುಳ್ಳು ಹೇಳುತ್ತಿದ್ದನೇನೋ. ಅವರು ಕೇಳಲಿಲ್ಲ.

"ನಾನ ಸುರುವಿದ್ದು" ಎಂದ. "ಗಡಿಗಿಗಟ್ಟಲೆ ತಂದು ಸುರುವೀನಿ. ಅಪ್ಪಾರು ನಿನ್ನ ಹತ್ರ ಕುಂದ್ರತಾರಂತ ಹೊಟ್ಟೆಕಿಚ್ಚು."

ಮುರಿಗೆಪ್ಪ ಮುಖ ತಿರುಗಿಸಿ ನಿಂತ.

ಕೊಟ್ರಯ್ಯ ಸಸಿಯ ಗಂಟು ನೆಲಕ್ಕಿಟ್ಟು ಗುರುಗಳ ಕಾಲು ಹಿಡಿದ. "ನಾ ಇಲ್ಲಿರಾಕ ಲಾಯಕ್ ಅಲ್ರಿ. ನನ್ನ ಕಳಿಸಿಬಿಡ್ರಿ. ಯಾವ ಮುಖ ಇಟ್ಕೊಂಡು ಇವನ ಮಡಿ ಹತ್ರ ಬರ್ಲಿ?"

ಗುರುಗಳು ಗಂಟನ್ನೆತ್ತಿ ಮತ್ತೆ ಅವನ ಕೈಗೇ ಕೊಟ್ಟರು.

"ನಿನ್ನ ಕಳಿಸಿದ್ರ ಈ ಸಸಿ ಯಾರು ಕಾಯಬೇಕು? ಹುಳ ಎಲ್ಲಿ ಅಡಗ್ಯಾವಂತ ಗೊತ್ತಿರೋದು ನಿನಗೊಬ್ಬನಿಗೆ."