ಅರಸನ ಮನೆಬಂಡಿ ಮತ್ತು ಕೆಂಚನ ಕೋಲು

"ಕೇಳ್ರಪ್ಪೋ ಕೇಳಿ! ಮನೆಬಂಡಿ ಕಟ್ಟಿಸ್ಕೊಂಡು ವಿಹಾರಕ್ಕೆ ಹೋಗೋ ದೊಡ್ಡೋರೆಲ್ಲ ಕೇಳಿ! ಬಂಡಿ ಎಷ್ಟು ಅಗಲ, ಎಷ್ಟು ಉದ್ದ ಇರಬೇಕು ಅನ್ನೋದಕ್ಕೆ ಇನ್ನು ಕಟ್ಟಳೆ ಆಗ್ತದೆ. ರಾಜಕುಮಾರಿ ಹೊನ್ನಾಜಿಯಮ್ಮನೋರ ಮೂರು ಒಗಟು ಬಿಡಿಸಿದೋನೇ ಕಟ್ಟಳೆ ಮಾಡ್ತಾನೆ, ಅವರ ಕೈಯನ್ನೂ ಹಿಡೀತಾನೆ. ತಪ್ಪಿದೋನ ತಲೆ ಸಂಜೆಗೆ ಉರುಳ್ತದೆ!"

ಬಿದಿರುಗಿರಿಯಲ್ಲಿ ಹೀಗೆ ಡಂಗುರ ಸಾರಿದ್ದಕ್ಕೆ ಕಾರಣವಿತ್ತು. ಅಲ್ಲಿನ ಸಿರಿವಂತರಿಗೆ ಒಂದು ಹುಚ್ಚು ಹಿಡಿದಿತ್ತು. ಎತ್ತಿನ ಗಾಡಿಯ ಹಿಂದೆ ಇನ್ನೊಂದು ಬಂಡಿ ಕಟ್ಟಿ, ಅದರ ಮೇಲೆ ಮಂಚ, ಒಲೆ, ಕಿಟಕಿಯಿರುವ ಮನೆಯನ್ನೇ ಕೂರಿಸಿ, ಹೊಳೆದಂಡೆಗೆ ಹೋಗಿ ನಾಲ್ಕು ದಿನ ಉಂಡು ಮಲಗಿ ಬರುವುದು. ಒಬ್ಬ ಎಂಟು ಮೊಳ ಅಗಲ ಮಾಡಿಸಿದರೆ ಇನ್ನೊಬ್ಬ ಹತ್ತು ಮೊಳ ಮಾಡಿಸಿದ. ಅರಸ ಧರಣಿಪಾಲನದು ಎಷ್ಟೆಂದು ಅಳೆಯಲು ಯಾರೂ ಹೋಗಲಿಲ್ಲ. ಕಣಿವೆದಾರಿ ಮಾತ್ರ ಇದ್ದಷ್ಟೇ ಇತ್ತು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಒಂದೇ ವರ್ಷದಲ್ಲಿ ಹನ್ನೊಂದು ಜನ ಬಂಡಿ ತಾಗಿ ಬಿದ್ದು ಸತ್ತರು.

ಡಂಗುರದ ಮಾತು ತಪ್ಪುವುದಿಲ್ಲವೆಂದು ಅರಸ ಸಿಂಹಾಸನ ಮುಟ್ಟಿ ಆಣೆ ಮಾಡಿದ. ಹೊನ್ನಾಜಿ ಉತ್ತರಗಳನ್ನು ಓಲೆಯಲ್ಲಿ ಬರೆದು, ಅರಗಿನ ಮುದ್ರೆ ಹಾಕಿ ಅಪ್ಪನ ಕೈಗೆ ಕೊಟ್ಟಳು. ಅಷ್ಟೆಲ್ಲ ಆದಮೇಲೂ ಸಭೆಗೆ ಬಂದವರು ಮೂವರೇ. ದಳವಾಯಿಯ ಮಗ, ಜವಳಿ ವ್ಯಾಪಾರಿ, ಮತ್ತೆ ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಕಣಿವೆಯಲ್ಲಿ ಓಡಾಡುವ ಕೆಂಚ. ಕೆಂಚನ ಅಣ್ಣ ಆ ಹನ್ನೊಂದು ಜನರಲ್ಲಿ ಒಬ್ಬ. ಕೆಂಚ ಅವನ ಕೋಲನ್ನೇ ಊರಿಕೊಂಡು ಒಳಗೆ ಬಂದ. ನಾನಾಗಿದ್ದರೆ ಬಾಗಿಲಿನಿಂದಲೇ ಓಡುತ್ತಿದ್ದೆ.

ಹೊನ್ನಾಜಿ ಕೇಳಿದಳು: "ದಾರಿಯಲ್ಲಿ ನಡೆಯುತ್ತಾನೆ, ದಾರಿಯ ನಡು ಅವನಿಗೆ ಸಿಗುವುದಿಲ್ಲ. ಬಂಡಿಯೊಳಗೆ ಕಾಲಿಟ್ಟವನೇ ಅಲ್ಲ, ಆದರೂ ಬಂಡಿಯ ಅಗಲವನ್ನು ಅವನನ್ನೇ ಕೇಳಬೇಕು. ಯಾರವನು?"

"ಬಡಗಿ!" ಎಂದ ದಳವಾಯಿಯ ಮಗ, ಮೀಸೆ ತಿರುವುತ್ತ.

"ಒಳಗೆ ಕಾಲಿಡದೆ ಬಡಗಿ ಕಟ್ಟುವುದು ಹೇಗೆ?" ಎಂದಳು. ಭಟರು ಅವನನ್ನು ಕಂಬಕ್ಕೆ ಕಟ್ಟಿದರು. ಮೀಸೆ ಇಳಿಯಿತು.

ಕೆಂಚ ಮುಂದೆ ಬಂದ. "ಎದುರಿಗೆ ಬರೋನು, ಅಮ್ಮಣ್ಣಿ. ನಮ್ಮಂಥೋನು. ಬಂಡಿ ಬಂಡೆ ಮಗ್ಗುಲಿಗೆ ಹೋಗ್ತದೆ, ನಾವು ಉಪ್ಪಿನೋರು ಅಂಚಿನಾಗೆ ಕತ್ತೆ ನಿಲ್ಲಿಸಿ ಈ ಕೋಲನ್ನ ಅಡ್ಡ ಹಿಡೀತೀವಿ. ತುದಿಗೆ ಗಾಲಿ ತಾಗದಿದ್ರೆ ಉಳ್ಕೊಂಡಂಗೆ. ದಾರಿ ಅಗಲದಾಗೆ ಒಂದು ಕೋಲು ನಮಗೆ ಬಿಟ್ಟು, ಮಿಕ್ಕಿದ್ದು ಬಂಡೀದು."

ಹೊನ್ನಾಜಿ ಸರಿಯೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು. "ಇದು ಮುಂದಿನದರ ಜೊತೆಗೇ ಹೊರಡುತ್ತದೆ, ಅದು ನಡೆದಲ್ಲಿ ನಡೆಯುವುದಿಲ್ಲ. ನೇರ ದಾರಿಯಲ್ಲಿ ಸಾಧು, ತಿರುವಿನಲ್ಲಿ ಕೊಲೆಗಾರ. ಏನಿದು?"

ಉಪ್ಪಿನವನೇ ಹೇಳಿದಮೇಲೆ ತನಗೇನು ಕಷ್ಟವೆಂದು ವ್ಯಾಪಾರಿ ಮುನ್ನುಗ್ಗಿದ. "ನೆರಳು, ತಾಯಿ!"

"ನೆರಳು ಯಾರನ್ನು ಕೊಂದಿದೆ?" ಎಂದಳು. ಎರಡನೆಯ ಕಂಬವೂ ತುಂಬಿತು.

ಕೆಂಚ ಕೈಯಲ್ಲಿದ್ದ ಕೋಲನ್ನೊಮ್ಮೆ ನೋಡಿದ. "ಬಂಡಿಯ ಹಿಂಭಾಗ, ಅಮ್ಮಣ್ಣಿ. ನಮ್ಮಣ್ಣ ಎತ್ತು ದಾಟಿದ್ವು, ಗಾಡಿ ದಾಟ್ತು ಅಂತ ಕೋಲು ಇಳಿಸಿದ. ತಿರುವಿನಾಗೆ ಹಿಂದಿನ ಬಂಡಿ ಅಂಚಿಗೆ ಬೀಸ್ತು. ಮೂರು ಕತ್ತೆ ಸಾಲಾಗಿ ನಿಂತಷ್ಟು ಉದ್ದ ಸಾಕು. ಅದಕ್ಕಿಂತ ಹೆಚ್ಚಾದ್ರೆ ಬೀಸೇ ಬೀಸ್ತದೆ."

ಮೂರನೆಯದನ್ನು ಕೇಳುವಾಗ ಹೊನ್ನಾಜಿ ಅಪ್ಪನ ಕಡೆ ತಿರುಗಲಿಲ್ಲ. "ಕಟ್ಟಳೆ ಆಯಿತು ಎಂದುಕೋ. ಆದರೂ ಒಂದು ಬಂಡಿ ಅಳತೆಗೋಲಿನ ಮುಂದೆಯೇ ಹಾಯ್ದು ಹೋಗುತ್ತದೆ. ಕಾವಲುಗಾರ ಅದನ್ನು ಕಂಡು ತಲೆ ತಗ್ಗಿಸುತ್ತಾನೆ, ಊರಬಾಗಿಲು ಅದಕ್ಕಾಗಿ ತಲೆ ಎತ್ತಿದೆ. ಯಾವ ಬಂಡಿ?"

ಕೆಂಚ ಊರಬಾಗಿಲನ್ನು ನೆನೆದ. ಬೆಳಿಗ್ಗೆ ಒಳಗೆ ಬರುವಾಗ ನೋಡಿದ್ದ. ಊರಬಾಗಿಲ ಹಳೆಯ ಕಮಾನು ಕಿತ್ತು, ಎರಡಾಳು ಎತ್ತರಕ್ಕೆ ಹೊಸದು ಕಟ್ಟಿದ್ದರು, ಗಾರೆ ಇನ್ನೂ ಬೆಳ್ಳಗಿತ್ತು. ಉತ್ತರ ಗೊತ್ತಿತ್ತು. ಹೇಳಿದರೆ ಅರಸನ ಸಿಟ್ಟಿಗೆ ತಲೆ ಹೋಗುತ್ತದೆ, ಹೇಳದಿದ್ದರೆ ಡಂಗುರದ ಪ್ರಕಾರ ಹೋಗುತ್ತದೆ. ಯಮನ ಬಂಡಿ ಎಂದುಬಿಡಲೇ? ಕಂಬದ ಬಳಿ ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಅವನು ಅಣ್ಣನ ಕೋಲನ್ನು ಬಿಗಿಯಾಗಿ ಹಿಡಿದುಕೊಂಡ.

"ತಮ್ಮದೇ, ಬುದ್ಧಿ."

ಕತ್ತಿ ಮಸೆಯುತ್ತಿದ್ದ ಭಟ ಅರಸನ ಕಡೆ ತಿರುಗಿದ.

"ನಮ್ಮ ಬಂಡಿಯೇ?" ಅರಸ ಎದ್ದು ನಿಂತ.

"ಹದಿನಾಲ್ಕು ಮೊಳ, ಬುದ್ಧಿ. ಗಾಲಿ ಜಾಡಿಗೆ ಈ ಕೋಲಿಟ್ಟು ಅಳೆದೀನಿ. ನಮ್ಮಣ್ಣನ್ನ ಕೆಡವಿದ್ದೂ ಅದೇ. ಒಳಗಿದ್ದೋರಿಗೆ ಗೊತ್ತಾಗಲಿಲ್ಲ. ಎತ್ತು ನಿಲ್ಲಲೇ ಇಲ್ಲ."

ಅರಸನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಮುದ್ರೆ ಒಡೆದು ಓಲೆ ಬಿಚ್ಚಿದ. ಮೊದಲ ಸಾಲಿನಲ್ಲಿ "ಎದುರಿಗೆ ಬರುವವನು", ಎರಡನೆಯದರಲ್ಲಿ "ಬಂಡಿಯ ಹಿಂಭಾಗ". ಮೂರನೆಯದರಲ್ಲಿ ಮಗಳ ಕೈಬರಹ ಸೊಟ್ಟಗಾಗಿತ್ತು: "ಅಪ್ಪಾಜಿಯದು."

ಅವನು ಓಲೆಯನ್ನು ಮಡಚಿ ಮಗಳ ಕೈಗೆ ಕೊಟ್ಟ. "ಕೆಂಚಾ, ಏನು ಬೇಕೋ ಕೇಳು" ಎಂದ.

"ಮೊದ್ಲು ಇವರಿಬ್ಬರ ಕಟ್ಟು ಬಿಚ್ಚಿಸಿ, ಬುದ್ಧಿ. ಸತ್ತೋರು ಹನ್ನೊಂದು ಸಾಕು."

ಮಾರನೆಯ ದಿನ ಅರಸನ ಬಂಡಿಗೇ ಮೊದಲು ಗರಗಸ ಬಿತ್ತು. ಊರಬಾಗಿಲ ಕಮಾನು ಮತ್ತೆ ಕೆಳಗಿಳಿಯಿತು. ಅಲ್ಲಿ ಕೆಂಚ ಕಟ್ಟಳೆಯ ಅಧಿಕಾರಿಯಾಗಿ ಕೋಲು ಹಿಡಿದು ನಿಂತ. ಮದುವೆಯೂ ಆಯಿತು. ಹೊನ್ನಾಜಿ ಕತ್ತೆಗಳಿಗೆ ಹುಲ್ಲು ಹಾಕಲು ಕಲಿತಳು, ಅವನು ಅರಮನೆಯಲ್ಲಿ ಉಣ್ಣಲು ಕೊನೆಗೂ ಕಲಿಯಲಿಲ್ಲ.

ಮದುವೆಯಾದ ತಿಂಗಳಿಗೆ ಅರಸ ಒಬ್ಬನೇ ಕಾಲ್ನಡಿಗೆಯಲ್ಲಿ ಕಣಿವೆಗೆ ಹೋದ. ತಿರುವಿನಲ್ಲಿ ಬಂಡಿಯ ಸದ್ದು ಕೇಳಿಸಿತು. ಅಂಚಿಗೆ ಸರಿದು, ಅಳಿಯನಿಂದ ಕೇಳಿ ತಂದಿದ್ದ ಕೋಲನ್ನು ಅಡ್ಡ ಹಿಡಿದ. ಎತ್ತು ದಾಟಿದವು, ಗಾಡಿ ದಾಟಿತು, ಹಿಂದಿನ ಬಂಡಿಯೂ ದಾಟಿತು. ಗಾಲಿಗೂ ಕೋಲಿನ ತುದಿಗೂ ನಡುವೆ ಒಂದು ಗೇಣು ಉಳಿದಿತ್ತು. ಅರಸ ಅಲ್ಲೇ ಕುಸಿದು ಕೂತು, ಕೆಂಚನ ಅಣ್ಣನಿಗಾಗಿ ಅತ್ತ.