ನಾಯಿ ಇಲ್ಲದ ಮನೆಗಳು ಎದ್ದು ನಡೆದದ್ದು

ಒಂದಾನೊಂದು ಊರಿನಲ್ಲಿ, ಮನೆಗಳೆಲ್ಲ ಇನ್ನೂ ಕೂತಲ್ಲೇ ಕೂತಿದ್ದ ಕಾಲದಲ್ಲಿ, ಗರಿಗರಿರಾಯ ಅಂತ ಒಬ್ಬ ರಾಜನಿದ್ದ. ಊರಿನ ಹೆಸರು ಎಣ್ಣೆಗೆರೆ. ಕೆರೆಯಲ್ಲಿ ಇದ್ದದ್ದು ನೀರೇ, ಎಣ್ಣೆಯಲ್ಲ. ಆ ತಕರಾರು ಈಗ ಬೇಡ, ಕತೆ ಕೇಳಿ. ನಡುನಡುವೆ ಹೂಂ ಅನ್ನಿ. ಹೂಂ ಅನ್ನದಿದ್ದರೆ ಎದ್ದು ಹೋಗಿಬಿಡುತ್ತದೆ. ನಾನಲ್ಲ, ಕತೆ.

ಗರಿಗರಿರಾಯನಿಗೆ ಯುದ್ಧ ಬೇಡ, ಬೇಟೆ ಬೇಡ, ಎರಡನೇ ರಾಣಿಯೂ ಬೇಡ. ಬೇಕಾದದ್ದು ಒಂದೇ, ಮಧ್ಯಾಹ್ನದ ಊಟಕ್ಕೆ ಒಂದು ಹಪ್ಪಳ. ಅದೂ ತಿನ್ನುವುದಕ್ಕಲ್ಲ, ಕೇಳುವುದಕ್ಕೆ. ಕರುಂ ಅನ್ನುವ ಆ ಸದ್ದು ಒಂದೇ ಒಂದು ಸಲ ಪೂರ್ತಿಯಾಗಿ ಕಿವಿಗೆ ಬಿದ್ದರೆ ಹುಟ್ಟಿದ್ದು ಸಾರ್ಥಕ ಅಂತ ಅವನ ನಂಬಿಕೆ. ದಿನಾ ಹಪ್ಪಳ ಕಚ್ಚುತ್ತಿದ್ದ. ದಿನಾ ಮುಖ ಸಣ್ಣ ಮಾಡುತ್ತಿದ್ದ.

"ಅರ್ಧ ಸದ್ದೇ ಕೇಳಿಸ್ತು ಮಂತ್ರಿಗಳೇ. ಉಳಿದರ್ಧ ಎಲ್ಲಿ ಹೋಯ್ತು?"

ಮಂತ್ರಿ ಮೆತ್ತಗಯ್ಯ ಎಲೆಯ ಕೆಳಗೆ ನೋಡಿದ, ಮಣೆಯ ಕೆಳಗೆ ನೋಡಿದ. ಹೊರಗೆಲ್ಲೋ ಒಂದು ನಾಯಿ ಬೊಗಳಿತು. ಅವನಿಗೆ ಅಷ್ಟು ಸಾಕಾಯಿತು.

"ಉಳಿದರ್ಧ ನಾಯಿ ಹತ್ತಿರ ಇದೆ ಮಹಾಪ್ರಭು."

ಅವತ್ತೇ ಡಂಗುರ ಸಾರಿಸಿದರು. ಸಾಕಿದ ನಾಯಿ, ಬೀದಿ ನಾಯಿ, ಕರಿ ನಾಯಿ, ಕಂದು ನಾಯಿ, ಎಲ್ಲವನ್ನೂ ಹಿಡಿದು ಊರಾಚೆಯ ದೊಡ್ಡಿಗೆ ತಳ್ಳಿ ಅಗುಳಿ ಹಾಕಿದರು. ಅರಮನೆಯಲ್ಲಿ ನಾಯಿ ಇರಲಿಲ್ಲ, ಬಾಗಿಲಿಗೆ ಅಡ್ಡವಾಗಿ ಕಾವಲಿನವರು ನಿಲ್ಲುತ್ತಿದ್ದರು. ಅವರ ಬೂಟು ಕಿರ್ ಅನ್ನುತ್ತದೆ ಅಂತ ಅವರಿಗೂ ರಜೆ ಕೊಟ್ಟ ರಾಜ.

ಈಗ ನೋಡಿ ಸ್ವಾಮಿ, ಮನೆ ಇದ್ದಲ್ಲೇ ಯಾಕೆ ಇರುತ್ತದೆ? ಪಾಯ ಇರುವುದರಿಂದಲೇ? ಅಲ್ಲ. ಹೊಸಿಲ ಮೇಲೆ ಒಂದು ನಾಯಿ ಅಡ್ಡ ಮಲಗಿರುತ್ತದಲ್ಲ, ಆ ಭಾರಕ್ಕೆ. ಕಾಗದದ ಮೇಲೆ ಕಲ್ಲಿಟ್ಟ ಹಾಗೆ. ಕಲ್ಲು ತೆಗೆದರೆ ಕಾಗದ ಹಾರುತ್ತದೆ, ನಾಯಿ ತೆಗೆದರೆ ಮನೆ ಏಳುತ್ತದೆ. ಇದು ಶುದ್ಧ ತರ್ಕಶಾಸ್ತ್ರ. ಯಾವ ಕಾಲೇಜಿನಲ್ಲಿ ಬೇಕಾದರೂ ವಿಚಾರಿಸಿ.

ಎದ್ದವು ಮನೆಗಳು. ಹೆಂಚಿನ ಮನೆ, ತಾರಸಿ ಮನೆ, ಮುಂದೆ ತುಳಸಿಕಟ್ಟೆ ಇದ್ದ ಮನೆ, ಎಲ್ಲ ಎದ್ದು ಮೈ ಕೊಡವಿಕೊಂಡು, ತಮ್ಮ ನಾಯಿಯನ್ನು ಹುಡುಕಿಕೊಂಡು ಹೊರಟವು. ನೀರಿಗೆ ಹೋದವಳು ಕೊಡ ಹೊತ್ತು ಬಂದರೆ ಮನೆಯೇ ಇಲ್ಲ.

"ನಮ್ಮನೆ ಏನಾದ್ರೂ ಕಂಡ್ರಾ? ಹಸಿರು ಬಾಗಿಲು, ಎಡಗಡೆ ಕಿಟಕಿ ಒಂಚೂರು ವಾರೆ."

"ಈಗ ತಾನೇ ಕುಂಬಾರ ಬೀದಿ ಕಡೆ ಹೋಯ್ತಲ್ಲಕ್ಕ. ಒಳಗೆ ನಿಮ್ಮತ್ತೆ ಬೈತಾ ಇದ್ರು."

"ಮನೆಗೆ ಬೈತಿದ್ರೋ, ನನಗೋ?"

"ನಿಮಗೇ."

"ಸದ್ಯ, ಹಾಗಾದ್ರೆ ಚೆನ್ನಾಗಿದ್ದಾರೆ."

ಮನೆ ನಡೆದರೆ ಸುಮ್ಮನೆ ನಡೆಯುತ್ತದೆಯೇ? ಪಾತ್ರೆ ಗಲಗಲ, ಕಿಟಕಿ ಪಟಪಟ, ಅಟ್ಟದ ಮೇಲಿನ ಕುಂಬಳಕಾಯಿ ಉರುಳಿ ಧಡಧಡ. ರಾಜ ಹಪ್ಪಳ ಕಚ್ಚಿದ. ಕಾಲು ಸದ್ದೂ ಕೇಳಿಸಲಿಲ್ಲ.

"ನಾಯಿಗಳನ್ನ ವಾಪಸ್ ಕೊಟ್ಟುಬಿಡ್ರಯ್ಯಾ!" ಅಂತ ಕೂಗಿದ.

ದೊಡ್ಡಿಯ ಅಗುಳಿ ತೆಗೆದರು. ಆದರೆ ಅಷ್ಟರಲ್ಲಿ ನಾಯಿಗಳಿಗೆ ಮನೆ ಅಂದರೇನು ಅನ್ನುವುದೇ ಮರೆತಿತ್ತು, ಮನೆಗಳಿಗೆ ನಾಯಿ ಮರೆತಿತ್ತು. ಅಲೆದಲೆದು ಮನೆಗಳು ಪುಂಡು ಬಿದ್ದಿದ್ದವು. ನಾಯಿ ಹತ್ತಿರ ಬಂದರೆ ಧಡಾರನೆ ಬಾಗಿಲು ಹಾಕಿ ಮೂತಿ ಜಜ್ಜುತ್ತಿದ್ದವು. ನಾಯಿಗಳು ಹೊಸಿಲನ್ನು ಕಚ್ಚಿ ಓಡುತ್ತಿದ್ದವು. ಕೊನೆಗೆ ಪಾಪ, ನಾಯಿಗಳೇ ದೊಡ್ಡಿಗೆ ಹಿಂತಿರುಗಿ ಒಳಗಿನಿಂದ ಗೇಟು ಎಳೆದುಕೊಂಡವು.

ರಾಜನಿಗೆ ರೇಗಿತು. ಹಪ್ಪಳದ ಡಬ್ಬ ಎತ್ತಿ ತೋರಿಸಿದ. "ಈ ಡಬ್ಬ ಖಾಲಿಯಾಗೋದರೊಳಗೆ ಒಂದೊಂದು ನಾಯಿಗೂ ಒಂದೊಂದು ಮನೆ ಆಗಬೇಕು. ಆಗದೆ ಉಳಿದದ್ದನ್ನ ಏಳು ಬೆಟ್ಟದಾಚೆ ಬಿಟ್ಟು ಬನ್ನಿ."

ಏಳು ಬೆಟ್ಟದಾಚೆ ಏನಿದೆ ಅಂತೀರಾ? ಏನೂ ಇಲ್ಲ. ಬಾ ಅನ್ನುವವರಿಲ್ಲ, ಹಚಾ ಅನ್ನುವವರೂ ಇಲ್ಲ. ಅದಕ್ಕೇ ಭಯ.

ಇಷ್ಟೆಲ್ಲ ಆದರೂ ಒಂದೇ ಒಂದು ಮನೆ ಮಾತ್ರ ಎದ್ದಿರಲಿಲ್ಲ. ಅದು ನಿಂಗಾಜಮ್ಮನ ಮನೆ. ಅವಳು ಬೆಳಗಿನಿಂದ ಸಂಜೆವರೆಗೆ ಹೊಸಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹೊಸಿಲ ಮೇಲೆ ಕೂರಬಾರದು ಅಂತೀರಿ, ಗೊತ್ತು. ನೀವು ಹೋಗಿ ಅವಳಿಗೆ ಹೇಳಿ ನೋಡೋಣ. ಅವಳನ್ನು ಬೀಳಿಸಿ ಏಳುವ ಧೈರ್ಯ ಮನೆಗೂ ಇರಲಿಲ್ಲ, ಅವಳ ಗಂಡ ಕೆಂಚೀರಯ್ಯನಿಗೂ ಇರಲಿಲ್ಲ.

ನಿಂಗಾಜಮ್ಮ ಸೆರಗು ಕೊಡವಿ ಎದ್ದಳು, ಗಂಡನನ್ನು ಹೊಸಿಲ ಮೇಲೆ ಕೂರಿಸಿ ದೊಡ್ಡಿಗೆ ನಡೆದಳು. ಅಲ್ಲಿ ಮೆತ್ತಗಯ್ಯ ನಾಯಿ ಎಣಿಸುತ್ತ ನಿಂತಿದ್ದ.

"ಮಂತ್ರಿಗಳೇ, ಒಂದೇ ಸಲ ಇದನ್ನ ಅದರ ಮೇಲೆ, ಅದನ್ನ ಇದರ ಮೇಲೆ ತಳ್ಳಿದ್ರೆ ಆಗುತ್ತಾ? ನಡುವೆ ಯಾರಾದ್ರೂ ನಾಲ್ಕು ದಿನ ಇಟ್ಕೊಂಡು ಮನೆ ಅಂದ್ರೇನು ಅಂತ ಹೇಳ್ಕೊಡಬೇಕು."

"ಯಾರಮ್ಮಾ ಇಟ್ಕೊಳ್ತಾರೆ?"

"ನಮ್ಮ ಹೊಸಿಲಿದೆ. ಒಂದು ನಾಯಿ ಹಿಡಿಸುತ್ತೆ. ಅದು ಹೋದ್ಮೇಲೆ ಇನ್ನೊಂದು."

ಹಾಗೆ ಶುರುವಾಯಿತು. ಬಂದ ನಾಯಿಗಳನ್ನೆಲ್ಲ ಅವಳು ಕರೆಯುತ್ತಿದ್ದದ್ದು ನೆಂಟ ಅಂತಲೇ. ಹೆಸರಿಡುವ ಹಕ್ಕು ಮುಂದಿನ ಮನೆಯದು, ನಮ್ಮದಲ್ಲ ಅನ್ನುತ್ತಿದ್ದಳು. ನೆಂಟನಿಗೆ ಮುದ್ದೆ ಹಾಕಿ ಪಾಠ ಹೇಳುತ್ತಿದ್ದಳು. ಕುಕ್ಕರ್ ಕೂಗಿದರೆ ಅದು ಹಾವಲ್ಲ. ಕನ್ನಡಿಯೊಳಗೆ ಇರುವುದು ಬೇರೆ ನಾಯಿಯಲ್ಲ. ಪೊರಕೆ ಎತ್ತಿದರೆ ಗುಡಿಸುವುದಕ್ಕೆ, ಹೊಡೆಯುವುದಕ್ಕಲ್ಲ. ಈ ಕೊನೇ ಪಾಠಕ್ಕೆ ಕೆಂಚೀರಯ್ಯನೂ ಬಂದು ಕೂರುತ್ತಿದ್ದ, ಅವನಿಗೂ ಧೈರ್ಯ ಬರಲಿ ಅಂತ.

ನಾಯಿ ಪಳಗಿದ ಮೇಲೆ ಮನೆಗಳು ಬಂದು ಬೇಲಿಯಾಚೆ ಸಾಲಾಗಿ ನಿಲ್ಲುತ್ತಿದ್ದವು. ನಿಂಗಾಜಮ್ಮ ಒಂದೊಂದನ್ನೇ ಕರೆದು ಕೇಳುತ್ತಿದ್ದಳು.

"ಗಾಳಿ ಬಂದ್ರೆ ಧಡಾರ್ ಅಂತ ಬಾಗಿಲು ಹಾಕ್ಕೊಳ್ತೀಯಾ?"

"ಮೊದಲು ಹಾಕ್ಕೊಳ್ತಿದ್ದೆ ಅಮ್ಮ. ಈಗ ಬಿಟ್ಟಿದ್ದೀನಿ," ಅನ್ನುತ್ತಿತ್ತು ಮನೆ, ಕಿಟಕಿ ತಗ್ಗಿಸಿ.

"ನಿನ್ನೊಳಗಿರೋ ಮಕ್ಕಳು ಬಾಲ ಎಳೀತಾರಾ?"

"ಒಬ್ಬ ಎಳೀತಾನೆ. ಅವನ ಮೇಲೆ ಆಗಾಗ ಸುಣ್ಣದ ಚಕ್ಕೆ ಬೀಳಿಸ್ತೀನಿ."

"ಸರಿ, ಮೂಸಿ ನೋಡು."

ಮನೆ ನಾಯಿಯನ್ನು ಮೂಸುತ್ತಿತ್ತು, ನಾಯಿ ಹೊಸಿಲನ್ನು ಮೂಸುತ್ತಿತ್ತು. ಇಬ್ಬರಿಗೂ ಒಪ್ಪಿಗೆಯಾದರೆ ನಾಯಿ ಅಡ್ಡ ಮಲಗುತ್ತಿತ್ತು, ಮನೆ ಉಸ್ಸಪ್ಪಾ ಅಂತ ಅಲ್ಲೇ ಕೂರುತ್ತಿತ್ತು. ಸದ್ಯ! ಅನ್ನುತ್ತಿದ್ದರು ಒಳಗಿದ್ದವರು. ಹಾಗಾಗಿ ಊರೆಲ್ಲ ನಿಂಗಾಜಮ್ಮನ ಬೇಲಿಯ ಸುತ್ತಲೇ ಹೊಸದಾಗಿ ಕಟ್ಟಿದ ಹಾಗಾಯಿತು.

ಒಂದೊಂದು ನೆಂಟ ಹೋದಾಗಲೂ ಕೆಂಚೀರಯ್ಯ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದ.

"ಹೊಗೆ ಕಣೇ, ಕಣ್ಣಿಗೆ."

"ಒಲೆ ಹಚ್ಚೇ ಇಲ್ಲವಲ್ರೀ."

"ಹಚ್ಚಿದ್ರೆ ಹೊಗೆ ಬರ್ತಿತ್ತಲ್ಲ, ಅದು."

ಹೀಗೆ ದೊಡ್ಡಿ ಖಾಲಿಯಾಗುತ್ತ ಬಂತು. ಡಬ್ಬವೂ ಖಾಲಿಯಾಗುತ್ತ ಬಂತು. ಅತ್ತ ಅರಮನೆಯಲ್ಲಿ ಇನ್ನೊಂದು ಆಗುತ್ತಿತ್ತು. ರಾಜನ ಎಲೆ ದಿನಾ ಒಂಚೂರು ಬಾಗಿಲ ಕಡೆ ಜಾರುತ್ತಿತ್ತು. ಮೆತ್ತಗಯ್ಯ ಎಲೆಯ ಕೆಳಗೆ ಒಂದು ಚಕ್ಕೆ ಇಟ್ಟು ಸಮ ಮಾಡಿದ. ಮಾರನೇ ದಿನ ಇನ್ನೊಂದು ಇಟ್ಟ. ಅಂಥ ದೊಡ್ಡ ಕಟ್ಟಡ, ಎದ್ದು ನಿಲ್ಲುವುದಕ್ಕೇ ತಿಂಗಳುಗಟ್ಟಲೆ ಬೇಕು ನೋಡಿ. ಅರಮನೆ ಹಿಂದಿನ ಮಂಡಿ ಊರಿ ಮೆಲ್ಲಗೆ ಏಳುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ.

ಕೊನೆಗೆ ಉಳಿದದ್ದು ಒಂದೇ ನಾಯಿ. ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿಕೊಂಡಿತ್ತು. ಈ ನೆಂಟನಿಗೆ ಎಲ್ಲ ಪಾಠವೂ ಬಂತು. ಆದರೆ ಸೂರು ಕಂಡರೆ ಭಯ. ತಲೆ ಎತ್ತಿ ನೋಡಿ ತೊಲೆ ಕಂಡಿತೋ, ಅಂಗಳಕ್ಕೆ ಓಟ. ಒಂದು ಮನೆಯಂತೂ ತನ್ನ ಹೆಂಚೆಲ್ಲ ತೆಗೆದು ಟೋಪಿಯ ಹಾಗೆ ಕೈಯಲ್ಲಿ ಹಿಡಿದುಕೊಂಡು ನಿಂತಿತು. ಒಳಗಿದ್ದವರಿಗೆ ನೆಗಡಿಯಾಯಿತೇ ಹೊರತು ನೆಂಟ ಒಳಗೆ ಹೋಗಲಿಲ್ಲ. ತೊಲೆ ಹಾಗೇ ಇತ್ತಲ್ಲ! ಕೆಂಚೀರಯ್ಯ ಅಂಗಳಕ್ಕೆ ಚಾಪೆ ತಂದು ಅದರ ಪಕ್ಕದಲ್ಲೇ ಮಲಗತೊಡಗಿದ.

ಒಂದು ದಿನ ಮೆತ್ತಗಯ್ಯ ಹಗ್ಗ ಹಿಡಿದುಕೊಂಡು ಬಂದ. ಮುಖ ಇಳಿದಿತ್ತು. "ಡಬ್ಬದಲ್ಲಿ ಒಂದೇ ಹಪ್ಪಳ ಉಳಿದಿದೆಯಮ್ಮಾ. ಈಗ ಊಟಕ್ಕೆ ಕೂರ್ತಾರೆ."

"ನಾವೇ ಇಟ್ಕೊಳ್ಳೋಣ ಕಣೇ," ಅಂದ ಕೆಂಚೀರಯ್ಯ. ಅವನ ಕೈ ಆ ಮಡಚಿದ ಕಿವಿಯ ಮೇಲಿತ್ತು.

"ನನಗೇನು ಆಸೆ ಇಲ್ವಾ? ಆದ್ರೆ ಇವನು ಹೊಸಿಲ ಮೇಲೆ ಮಲಗೋದೇ ಇಲ್ಲವಲ್ರೀ. ಅಂಗಳದಲ್ಲಿ ಮಲಗೋ ನಾಯಿಗೆ ಮನೆ ಇದೆ ಅಂತ ರಾಜ ಒಪ್ತಾನಾ?" ನಿಂಗಾಜಮ್ಮ ಹಗ್ಗ ಇಸಿದುಕೊಂಡಳು. "ಕೊಡಿ ಇತ್ಲಾಗೆ. ನಾನೇ ಕರ್ಕೊಂಡು ಹೋಗ್ತೀನಿ. ಕಳಿಸೋನು ನನ್ನ ಮುಖ ನೋಡಿ ಕಳಿಸಲಿ."

ನಾನು ಬರೋವರೆಗೆ ಕದಲಬೇಡ ಅಂತ ಮನೆಗೆ ಗದರಿಸಿದಳು. ಗಂಡ, ಹೆಂಡತಿ, ಮಂತ್ರಿ, ನೆಂಟ, ನಾಲ್ವರೂ ಹೊರಟರು. ಅರಮನೆಯ ಬೀದಿಗೆ ಬಂದು ನೋಡಿದರೆ ಅರಮನೆ ಎದ್ದು ನಿಂತಿದೆ! ರಾಜನ ಎಲೆ ಹೆಬ್ಬಾಗಿಲಿನಿಂದ ಜಾರಿ ಬೀದಿಗೆ ಬಿದ್ದಿತ್ತು. ರಾಜ ಎಲೆಯ ಹಿಂದೆ ಓಡಿ ಬಂದು, ಕೊನೇ ಹಪ್ಪಳವನ್ನು ಎದೆಗವಚಿಕೊಂಡು ನಿಂತಿದ್ದ.

"ಏಯ್ ಅರಮನೆ! ಕೂತ್ಕೋ!"

"ಯಾಕೆ ಕೂರಲಿ?" ಅಂದಿತು ಅರಮನೆ, ಗೋಪುರ ತಿರುಗಿಸಿ. "ನನ್ನ ಹೊಸಿಲ ಮೇಲೆ ಯಾರಿದ್ದಾರೆ ಅಂತ ಕೂರಲಿ?"

ಒಂದು ಕಾಲು ಎತ್ತಿಯೇಬಿಟ್ಟಿತು. ಇಟ್ಟರೆ ನಿಂಗಾಜಮ್ಮನ ಬೇಲಿಯ ಸುತ್ತ ಈಗ ತಾನೇ ಕೂತ ಮನೆಗಳು, ಅವುಗಳ ಹೊಸಿಲ ಮೇಲೆ ಈಗ ತಾನೇ ಕಣ್ಣು ಮುಚ್ಚಿದ ನಾಯಿಗಳು, ಎಲ್ಲ ಅಪ್ಪಚ್ಚಿ. ಊರು ಉಸಿರು ಬಿಗಿಹಿಡಿಯಿತು.

ನೆಂಟ ತಲೆ ಎತ್ತಿ ನೋಡಿತು. ಅರಮನೆಯ ಹೆಬ್ಬಾಗಿಲು ಎಷ್ಟು ಎತ್ತರ ಅಂದರೆ ಮೇಲೆ ತೊಲೆ ಕಾಣಿಸಲೇ ಇಲ್ಲ. ಎರಡು ಪಾರಿವಾಳ ಹಾರುತ್ತಿದ್ದವು. ದಾರಿ ತಪ್ಪಿ ಒಳಗೆ ಬಂದ ಒಂದು ತುಂಡು ಮೋಡವೂ ಇತ್ತು. ಓಹೋ, ಇದು ಸೂರಲ್ಲ, ಆಕಾಶ ಅಂದುಕೊಂಡಿತು. ಹಗ್ಗ ಕೊಸರಿಕೊಂಡು, ಟಣ್ಣನೆ ಹಾರಿ ಹೊಸಿಲು ಏರಿತು. ಮೂರು ಸುತ್ತು ಸುತ್ತಿತು. ಅಡ್ಡ ಮಲಗಿ ದೊಡ್ಡದಾಗಿ ಉಸಿರು ಬಿಟ್ಟಿತು.

ಅರಮನೆ ಎತ್ತಿದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡು ಕೂತಿತು. "ಸದ್ಯ!" ಅಂದಿತು.

"ಸದ್ಯ!" ಅಂದಿತು ಊರು. "ಸದ್ಯ!" ಅಂದ ಕೆಂಚೀರಯ್ಯ, ಈ ಸಲ ಹೊಗೆಯ ಮಾತೆತ್ತದೆ.

ರಾಜನ ಕೈ ಸಡಿಲವಾಗಿ ಹಪ್ಪಳ ಜಾರಿತು. ಗಾಲಿಯ ಹಾಗೆ ಉರುಳುತ್ತ, ಉರುಳುತ್ತ ಹೋಗಿ ನೆಂಟನ ಮುಂಗಾಲಿಗೆ ತಾಗಿ ಬಿತ್ತು. ನೆಂಟ ಒಂದು ಕಣ್ಣು ತೆರೆದು, ಕಚ್ಚಿತು.

ಕರುಂ.

ಅರ್ಧವಲ್ಲ, ಕಾಲಲ್ಲ, ಪೂರ್ತಿ! ರಾಜ ಅಲ್ಲೇ ಬೀದಿಯಲ್ಲಿ ಕುಸಿದು ಕೂತ. "ಆಹಾ! ಇಷ್ಟು ವರ್ಷ ನಾನು ಒಳಗಿನಿಂದ ಕೇಳ್ತಿದ್ದೆ ಕಣ್ರಯ್ಯಾ. ಬೇರೆಯವರು ತಿಂದ್ರೆ ಹೀಗಿರುತ್ತಾ ಇದು!"

"ನಾನು ಆವತ್ತೇ ಹೇಳಿರಲಿಲ್ವೇ ಮಹಾಪ್ರಭು," ಅಂದ ಮೆತ್ತಗಯ್ಯ, "ಉಳಿದರ್ಧ ನಾಯಿ ಹತ್ತಿರ ಇದೆ ಅಂತ?"

ನಿಂಗಾಜಮ್ಮ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ರಾಜನ ಮುಂದೆ ನಿಂತಳು. "ಇದೆಲ್ಲ ಇರಲಿ. ಬಾಗಿಲು ಧಡಾರ್ ಅಂತ ಹಾಕ್ತೀರಾ?"

"ಇಲ್ಲಮ್ಮ."

"ದಿನಾ ಹಪ್ಪಳ ಕೊಡ್ತೀರಾ?"

"ಎಲ್ಲಾ ಇವನಿಗೇ ಕೊಡ್ತೀನಿ. ನಾನು ಪಕ್ಕದಲ್ಲಿ ಕೂತು ಕೇಳ್ತೀನಿ, ಅಷ್ಟೇ."

"ಹೆಸರು?"

ರಾಜ ಯೋಚಿಸಿದ. "ಗರಿಗರಿ ಅಂತಿಡ್ತೀನಿ. ನನ್ನ ಹೆಸರಿನಲ್ಲಿದ್ದದ್ದು ಇವನಿಗೇ ಇರಲಿ. ನಾನಿನ್ನು ಬರೀ ರಾಯ."

ಗಂಡ ಹೆಂಡತಿ ಖಾಲಿ ಹಗ್ಗ ಹಿಡಿದು ಮನೆಗೆ ಬಂದರು. ಅಂಗಳದಲ್ಲಿ ಚಾಪೆ ಹಾಗೇ ಬಿದ್ದಿತ್ತು. ಈ ಸಲ ಹಿತ್ತಲಿಗೆ ಹೋಗಿ ಮುಖ ತೊಳೆದದ್ದು ನಿಂಗಾಜಮ್ಮ.

"ಹೊಗೆಯಾ?" ಅಂದ ಕೆಂಚೀರಯ್ಯ.

"ಹೂಂ. ನಿಮ್ಮ ಕಣ್ಣಿನಿಂದ ಬಂದಿದ್ದು."

"ಅಮ್ಮಾ, ಹೊಸಿಲು ಹಗುರಾಗಿದೆ, ಏಳಲಾ?" ಅಂದಿತು ಮನೆ. "ಸುಮ್ನೆ ಕೂತ್ಕೋ," ಅಂತ ಅವಳು ಮೊರ ತಂದು ಹೊಸಿಲ ಮೇಲೆ ಕೂತು ಅವರೆಕಾಯಿಗೆ ಕೈ ಹಾಕಿದಳು. ಅಷ್ಟರಲ್ಲಿ ಬೇಲಿಯ ಸಂದಿಯಲ್ಲಿ ಒಂದು ಒದ್ದೆ ಮೂಗು ಕಾಣಿಸಿತು. ಪಕ್ಕದ ರಾಜ್ಯದ ರಾಜನಿಗೆ ಸಂಡಿಗೆಯ ಹುಚ್ಚು ಹಿಡಿದಿತ್ತಂತೆ.

ನಿಂಗಾಜಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಬಾರೋ ನೆಂಟ."

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟೇ. ಹಪ್ಪಳವನ್ನು ಎಂದೂ ಸ್ವಂತ ಬಾಯಿಂದ ಕೇಳಬಾರದು, ಮತ್ತು ಮನೆ ಬಿಟ್ಟು ಹೊರಡುವಾಗ ಅದು ಕೂತಿದೆಯೇ ಅಂತ ಒಂದು ಸಲ ನೋಡಿಕೊಳ್ಳಬೇಕು.

ಕತೆ ಈಗ ಹೊಸಿಲ ಮೇಲೆ ಅಡ್ಡ ಮಲಗಿದೆ. ಎಬ್ಬಿಸಬೇಡಿ. ಮೆಲ್ಲಗೆ ದಾಟಿಕೊಂಡು ನಿಮ್ಮ ನಿಮ್ಮ ಮನೆಗೆ ಹೋಗಿ.